ಡಯಾಲಿಸಿಸ್ ಆದ ಮೇಲಿನ ಸುಸ್ತು: ಕಾರಣ ಹುಡುಕಿ ಕಡಿಮೆ ಮಾಡಿಕೊಳ್ಳುವ ದಾರಿ

ಡಯಾಲಿಸಿಸ್ ಮುಗಿಸಿ ಮನೆಗೆ ಬಂದ ಮೇಲೆ ಕೈಕಾಲಲ್ಲಿ ಬಲವೇ ಇರುವುದಿಲ್ಲ. ತಲೆ ಭಾರ, ಊಟ ಸೇರದು, ಯಾರ ಜೊತೆಗೂ ಮಾತು ಬೇಡ ಅನಿಸುತ್ತದೆ. ಕೆಲವರು ಸ್ವಲ್ಪ ಹೊತ್ತು ಮಲಗಿ ಎದ್ದರೆ ಸರಿಹೋಗುತ್ತಾರೆ. ಕೆಲವರಿಗೆ ಮರುದಿನ ಮಧ್ಯಾಹ್ನವಾದರೂ ಬಿಡುವುದಿಲ್ಲ. ಚೇತರಿಸಿಕೊಂಡೆ ಅನ್ನುವಷ್ಟರಲ್ಲಿ ಮುಂದಿನ ಸರದಿ ಬಂದುಬಿಡುತ್ತದೆ. ಯಾರನ್ನಾದರೂ ಕೇಳಿದರೆ ಒಂದೇ ಉತ್ತರ: ‘ಡಯಾಲಿಸಿಸ್ ಅಂದ್ರೆ ಹಾಗೇ, ಸಹಿಸ್ಕೋಬೇಕು.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಸುಸ್ತು ಪೂರ್ತಿ ಹೋಗದಿರಬಹುದು, ನಿಜ. ಆದರೆ ಹುಡುಕಿದರೆ ಸಿಗುವ, ಸರಿಮಾಡಬಹುದಾದ ಕಾರಣಗಳೇ ಅದರ ಹಿಂದೆ ಎಷ್ಟೋ ಸಲ ಇರುತ್ತವೆ. ಅವುಗಳಲ್ಲಿ ನಾನು ಮೊದಲು ನೋಡಿ ಎನ್ನುವುದು ಒಂದನ್ನು: ಗಂಟೆಗೆ ಎಷ್ಟು ನೀರು ತೆಗೆಯುತ್ತಿದ್ದಾರೆ ಎನ್ನುವುದು. ಅದಕ್ಕೇ ಈ ಬರಹದಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲೇ ಒಂದು ಮಾತು. ಮಾತ್ರೆ, ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ಮೆಷಿನ್ ಸೆಟ್ಟಿಂಗ್ ಇವನ್ನು ಬದಲಾಯಿಸುವುದು ನಿಮ್ಮ ಕಿಡ್ನಿ ಡಾಕ್ಟರ ಕೆಲಸ. ಅವರ ಮುಂದೆ ಸರಿಯಾದ ಮಾಹಿತಿ ಇಟ್ಟು ಸರಿಯಾದ ಪ್ರಶ್ನೆ ಕೇಳುವುದು ನಿಮ್ಮ ಕೈಯಲ್ಲಿದೆ.

ಹೆಜ್ಜೆ 1: ಸುಸ್ತನ್ನು ಬರೆದಿಡಿ

‘ತುಂಬಾ ಸುಸ್ತು ಡಾಕ್ಟ್ರೇ’ ಎಂದರೆ ಡಾಕ್ಟರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ‘ಡಯಾಲಿಸಿಸ್ ಮುಗಿದು ಮಾಮೂಲಿ ಸ್ಥಿತಿಗೆ ಬರಲು 10 ಗಂಟೆ ಬೇಕಾಗುತ್ತಿದೆ, ಎರಡು ತಿಂಗಳ ಹಿಂದೆ 4 ಗಂಟೆ ಸಾಕಾಗುತ್ತಿತ್ತು’ ಎಂದರೆ ಅವರು ತಕ್ಷಣ ಚಾರ್ಟ್ ತೆಗೆದು ನೋಡುತ್ತಾರೆ. ಹೀಗೆ ಚೇತರಿಕೆಗೆ ಬೇಕಾಗುವ ಸಮಯವನ್ನು ಕೇಳುವುದು ಕಿಡ್ನಿ ವೈದ್ಯರಲ್ಲಿ ಬಳಕೆಯಲ್ಲಿರುವ ಪದ್ಧತಿಯೇ. ಹಲವು ದೇಶಗಳ 6,000ಕ್ಕೂ ಹೆಚ್ಚು ರೋಗಿಗಳನ್ನು ಕೇಳಿ ಮಾಡಿದ ‘ಡಾಪ್ಸ್’ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ಅದರಲ್ಲಿ ಸುಮಾರು ಮೂರರಲ್ಲಿ ಒಬ್ಬರು 2 ಗಂಟೆಯೊಳಗೆ ಸರಿಹೋಗುತ್ತಿದ್ದರು. 12 ಗಂಟೆಗಿಂತ ಜಾಸ್ತಿ ಬೇಕಾದವರು 100ಕ್ಕೆ ಸುಮಾರು 10 ಮಂದಿ. ಆ ಹತ್ತು ಮಂದಿಯ ಗುಂಪಿನಲ್ಲಿ ಆಸ್ಪತ್ರೆಗೆ ಸೇರುವುದೂ ಸಾವೂ ಹೆಚ್ಚಾಗಿ ಕಂಡುಬಂದವು. ಆದ್ದರಿಂದ 12 ಗಂಟೆ ದಾಟುತ್ತಿದ್ದರೆ ಸುಮ್ನೆ ಇರಬೇಡಿ.

ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿ ಸರದಿಗೆ ಒಂದು ಸಾಲು. ಹೋಗುವಾಗಿನ ತೂಕ, ಬರುವಾಗಿನ ತೂಕ, ತೆಗೆದ ನೀರು, ಎಷ್ಟು ಗಂಟೆ ನಡೆಯಿತು, ಮೊದಲಿನ ಬಿಪಿ, ನಡುವೆ ಇಳಿದ ಅತಿ ಕಡಿಮೆ ಬಿಪಿ, ಮುಗಿದ ಮೇಲಿನ ಬಿಪಿ. ಇವೆಲ್ಲ ಯೂನಿಟ್‌ನ ಚಾರ್ಟ್‌ನಲ್ಲಿ ಇರುತ್ತವೆ, ಕೇಳಿದರೆ ಹೇಳುತ್ತಾರೆ. ಕೊನೆಗೆ ನೀವು ಬರೆಯಬೇಕಾದ್ದು: ಎಷ್ಟು ಹೊತ್ತಿಗೆ ಸರಿಹೋದಿರಿ, ಜೊತೆಗೆ ಏನೇನಾಯಿತು. ತಲೆನೋವೋ, ವಾಕರಿಕೆಯೋ, ಕಾಲು ಹಿಡಿದುಕೊಂಡಿತೋ, ತಲೆ ಸುತ್ತಿತೋ.

ವಾರಕ್ಕೊಮ್ಮೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಆಯಾಸ ಇತ್ತೇ? ಶಕ್ತಿ ಸಾಲಲಿಲ್ಲವೇ? ಆಯಾಸದಿಂದ ದಿನದ ಕೆಲಸಕ್ಕೆ ಅಡ್ಡಿಯಾಯಿತೇ? ಡಯಾಲಿಸಿಸ್ ಸಂಶೋಧನೆಯಲ್ಲಿ ಏನೇನು ಅಳೆಯಬೇಕು ಎಂದು ರೋಗಿಗಳು ಮತ್ತು ವೈದ್ಯರು ಸೇರಿ ಗೊತ್ತುಮಾಡುವ ‘ಸಾಂಗ್’ ಎಂಬ ಅಂತರರಾಷ್ಟ್ರೀಯ ಪ್ರಯತ್ನವೊಂದಿದೆ. ಅದು ಸುಸ್ತನ್ನು ಅಳೆಯಲು ಆರಿಸಿಕೊಂಡದ್ದು ಈ ಮೂರು ವಿಷಯಗಳನ್ನೇ.

ನಾಲ್ಕಾರು ವಾರ ಬರೆದರೆ ಒಂದು ನಮೂನೆ ಕಾಣುತ್ತದೆ. ನೀರು ಜಾಸ್ತಿ ತೆಗೆದ ದಿನ ಮಾತ್ರ ಸುಸ್ತೇ? ಎರಡು ದಿನ ಗ್ಯಾಪ್ ಆದ ಮೇಲೆ ಬರುವ ಸರದಿಗೆ ಮಾತ್ರವೇ? ಅಥವಾ ಡಯಾಲಿಸಿಸ್ ಇಲ್ಲದ ದಿನವೂ ಹಾಗೇ ಇದೆಯೇ? ಡಯಾಲಿಸಿಸ್ ದಿನಕ್ಕೆ ಮಾತ್ರ ಅಂಟಿಕೊಂಡ ಸುಸ್ತಿಗೆ ನೀರು, ಬಿಪಿ, ಮೆಷಿನ್ ಕಡೆ ನೋಡಬೇಕು. ಎಲ್ಲ ದಿನವೂ ಇರುವ ಸುಸ್ತಿಗೆ ರಕ್ತಹೀನತೆ, ನಿದ್ದೆ, ಮಾತ್ರೆ, ಮನಸ್ಸು ಇವುಗಳ ಕಡೆ. ಬಹಳ ಮಂದಿಗೆ ಎರಡೂ ಬೆರೆತಿರುತ್ತವೆ.

ಹೆಜ್ಜೆ 2: ಗಂಟೆಗೆ ಎಷ್ಟು ನೀರು? ಲೆಕ್ಕ ಹಾಕಿ

ಆರೋಗ್ಯವಾಗಿರುವ ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುತ್ತದೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಆದರೆ ಒಟ್ಟು 12 ಗಂಟೆ. ಎರಡು ಮೂರು ದಿನ ಸೇರಿಕೊಂಡ ನೀರನ್ನು ಆ ನಾಲ್ಕು ಗಂಟೆಯಲ್ಲಿ ತೆಗೆಯಬೇಕು.

ಮೆಷಿನ್ ನೀರು ಎಳೆಯುವುದು ರಕ್ತದಿಂದ ಮಾತ್ರ. ಆದರೆ ಹೆಚ್ಚಿನ ನೀರು ಕೂತಿರುವುದು ರಕ್ತನಾಳದ ಹೊರಗೆ, ಚರ್ಮದ ಕೆಳಗೆ, ಅಂಗಾಂಶಗಳಲ್ಲಿ. ಅದು ನಿಧಾನವಾಗಿ ರಕ್ತಕ್ಕೆ ಬಂದು ಸೇರಬೇಕು. ಬಾವಿಗೆ ಸೆಲೆ ಒಸರುವುದಕ್ಕಿಂತ ಬೇಗ ಸೇದಿದರೆ ತಳ ಕಾಣುತ್ತದಲ್ಲ, ಇಲ್ಲೂ ಹಾಗೇ. ರಕ್ತದ ಪ್ರಮಾಣ ಕುಸಿಯುತ್ತದೆ, ಬಿಪಿ ಇಳಿಯುತ್ತದೆ. ಹೃದಯ, ಮೆದುಳು, ಸ್ನಾಯು ಎಲ್ಲಕ್ಕೂ ಆ ಹೊತ್ತು ರಕ್ತ ಕಡಿಮೆ ಹೋಗುತ್ತದೆ. ಮನೆಗೆ ಬಂದ ಮೇಲೆ ಕಾಡುವ ಸುಸ್ತಿನ ಒಂದು ಬೇರು ಅಲ್ಲಿದೆ.

ಲೆಕ್ಕ ಸುಲಭ. ತೆಗೆದ ನೀರನ್ನು ಮಿಲಿಲೀಟರಿನಲ್ಲಿ ಬರೆಯಿರಿ. ಅದನ್ನು ಗಂಟೆಯಿಂದ ಭಾಗಿಸಿ, ಬಂದದ್ದನ್ನು ನಿಮ್ಮ ತೂಕದಿಂದ ಭಾಗಿಸಿ. ಬರುವ ಸಂಖ್ಯೆ 13 ದಾಟಬಾರದು ಎನ್ನುವುದು ಕಿಡ್ನಿ ವೈದ್ಯರಲ್ಲಿ ಪ್ರಚಲಿತವಿರುವ ಮಿತಿ. 10ರೊಳಗೆ ಇದ್ದರೆ ಇನ್ನೂ ಒಳ್ಳೆಯದು.

60 ಕೆಜಿ ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. 3 ಲೀಟರ್ ನೀರು, 4 ಗಂಟೆ. 3000ವನ್ನು 4ರಿಂದ ಭಾಗಿಸಿದರೆ 750, ಅದನ್ನು 60ರಿಂದ ಭಾಗಿಸಿದರೆ 12.5. ಮಿತಿಯ ಅಂಚಿನಲ್ಲಿದ್ದಾರೆ. ಅದೇ ವ್ಯಕ್ತಿ 4 ಲೀಟರ್ ಸೇರಿಸಿಕೊಂಡು ಬಂದರೆ 16 ದಾಟುತ್ತದೆ. ಆ ದಿನ ಅವರು ನೆಲ ಹಿಡಿದರೆ ಆಶ್ಚರ್ಯವೇನಿಲ್ಲ. ಇನ್ನೊಂದು ಗಂಟೆ ಸೇರಿಸಿ 5 ಗಂಟೆ ಮಾಡಿದರೆ ಅದೇ 4 ಲೀಟರಿಗೆ ಸಂಖ್ಯೆ ಸುಮಾರು 13ಕ್ಕೆ ಇಳಿಯುತ್ತದೆ. ನೀರು ಅಷ್ಟೇ, ವೇಗ ಕಡಿಮೆ.

ಇದೇ ಲೆಕ್ಕವನ್ನು 80 ಕೆಜಿಯವರಿಗೆ ಹಾಕಿದರೆ 4 ಲೀಟರ್ ಕೂಡ 12.5ಕ್ಕೆ ಬಂದು ನಿಲ್ಲುತ್ತದೆ. ಪಕ್ಕದ ಬೆಡ್‌ನವರಿಗೆ 4 ಲೀಟರ್ ತೆಗೆದರೂ ಏನೂ ಆಗಲಿಲ್ಲ, ನನಗ್ಯಾಕೆ ಹೀಗೆ ಎಂದು ಕೊರಗುವವರು ಈ ಲೆಕ್ಕ ಒಮ್ಮೆ ಮಾಡಿನೋಡಿ.

ನಾಲ್ಕನೇ ಗಂಟೆಯಲ್ಲಿ ಕಾಲು ಹಿಡಿದುಕೊಂಡಾಗ ‘ಸಾಕು, ಬಿಚ್ಚಿಬಿಡಿ’ ಅನ್ನಬೇಕೆನಿಸುತ್ತದೆ. ಆ ಹೊತ್ತಿನ ಸಂಕಟ ಅಂಥದು. ಆದರೆ ಅರ್ಧ ಗಂಟೆ ಮೊದಲೇ ಎದ್ದರೆ ಉಳಿದ ನೀರು ಮುಂದಿನ ಸರದಿಯ ಲೆಕ್ಕಕ್ಕೆ ಸೇರುತ್ತದೆ. ಆಗ ವೇಗ ಇನ್ನೂ ಜಾಸ್ತಿ, ಸುಸ್ತೂ ಜಾಸ್ತಿ, ಮತ್ತೆ ಬೇಗ ಏಳುವ ಆಸೆ. ಈ ಸುಳಿಗೆ ಸಿಕ್ಕವರು ಬಹಳ ಮಂದಿ. ಡಾಕ್ಟರ ಹತ್ತಿರ ಕೇಳಬೇಕಾದ್ದು ಇದಕ್ಕೆ ವಿರುದ್ಧವಾದದ್ದು: ‘ಸಮಯ ಸ್ವಲ್ಪ ಹೆಚ್ಚು ಮಾಡಬಹುದೇ? ವಾರಕ್ಕೆ ಇನ್ನೊಂದು ಸರದಿ ಸೇರಿಸಬಹುದೇ?’ ವಾರದಲ್ಲಿ ಹೆಚ್ಚು ಸಲ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಿ ಚೇತರಿಕೆಯ ಸಮಯ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಹೆಜ್ಜೆ 3: ಉಪ್ಪು ಇಳಿಸಿ, ನೀರು ತಾನಾಗಿ ಇಳಿಯುತ್ತದೆ

‘ನೀರು ಕಡಿಮೆ ಕುಡಿಯಿರಿ’ ಎಂದು ಎಲ್ಲರೂ ಹೇಳುತ್ತಾರೆ. ಉಪ್ಪು ತಿಂದವರಿಗೆ ಬಾಯಾರಿಕೆ ತಡೆಯಲು ಆಗುವುದಿಲ್ಲ. ಅದು ಮನಸ್ಸು ಗಟ್ಟಿ ಇಲ್ಲದ ಸಮಸ್ಯೆಯಲ್ಲ, ದೇಹ ಕೆಲಸ ಮಾಡುವ ರೀತಿಯೇ ಹಾಗೆ. ಸುಮಾರು 8 ಗ್ರಾಂ ಉಪ್ಪು ದೇಹದಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು, ದಾಟದಂತೆ ನೋಡಿಕೊಳ್ಳಿ. ಅಡುಗೆಗೆ ಹಾಕಿದ್ದು, ಪ್ಯಾಕೆಟ್ ತಿಂಡಿಯಲ್ಲಿ ಇರುವುದು, ಸಾಸ್‌ನಲ್ಲಿ ಇರುವುದು ಎಲ್ಲ ಸೇರಿ ಇಷ್ಟು. ಎರಡು ಮೂರು ವಾರ ಸಪ್ಪೆ ಅನಿಸುತ್ತದೆ. ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ.

‘ಕಡಿಮೆ ಸೋಡಿಯಂ’ ಎಂದು ಬರೆದ ಬದಲಿ ಉಪ್ಪನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಡಯಾಲಿಸಿಸ್ ರೋಗಿಗೆ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು.

ಕುಡಿಯುವ ನೀರಿನ ಅಂದಾಜು ಹೀಗೆ: ದಿನಕ್ಕೆ ಮೂತ್ರ ಎಷ್ಟು ಹೋಗುತ್ತದೋ ಅಷ್ಟು, ಅದರ ಮೇಲೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್. ಕಾಫಿ, ಹಾಲು, ಸಾರು, ಐಸ್ ಎಲ್ಲವೂ ಇದರಲ್ಲೇ ಬರಬೇಕು. ಡಾಕ್ಟರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಏರಿದಾಗಲೂ ಬಾಯಾರಿಕೆ ಏರುತ್ತದೆ, ಅದನ್ನೂ ಹತೋಟಿಯಲ್ಲಿಡಬೇಕು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಒಂದೇ ತಕ್ಕಡಿಯಲ್ಲಿ, ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ. ಒಂದು ಕೆಜಿ ಏರಿದರೆ ಒಂದು ಲೀಟರ್ ನೀರು ಸೇರಿದೆ ಎಂದೇ ಅರ್ಥ.

ಹೆಜ್ಜೆ 4: ಡ್ರೈ ವೇಟ್ ಹಳೆಯದಾಗಿದೆಯೇ ನೋಡಿ

ಡ್ರೈ ವೇಟ್ ಅಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕ. ಟೆಕ್ನಿಶಿಯನ್ ಪ್ರತಿ ಸಲ ನೀರಿನ ಗುರಿ ಹಾಕುವುದು ಈ ಸಂಖ್ಯೆಯನ್ನು ನೋಡಿ. ತೊಂದರೆ ಏನೆಂದರೆ ಈ ಸಂಖ್ಯೆ ಬದಲಾಗುತ್ತಾ ಇರುತ್ತದೆ, ಚಾರ್ಟ್‌ನಲ್ಲಿ ಮಾತ್ರ ಹಳೆಯದೇ ಉಳಿದುಬಿಡುತ್ತದೆ.

ಡಯಾಲಿಸಿಸ್ ಶುರುವಾಗಿ ಕೆಲವು ತಿಂಗಳಿಗೆ ಹಸಿವು ಮರಳಿತು, ಚೆನ್ನಾಗಿ ಉಂಡು ಎರಡು ಕೆಜಿ ಮೈ ಬಂತು ಎಂದುಕೊಳ್ಳಿ. ಅದು ನಿಜವಾದ ಮೈ, ನೀರಲ್ಲ. ಆದರೆ ಚಾರ್ಟ್‌ನಲ್ಲಿ ಹಳೆಯ ಡ್ರೈ ವೇಟ್ ಇದ್ದರೆ ಆ ಎರಡು ಕೆಜಿಯನ್ನೂ ನೀರೆಂದೇ ತೆಗೆಯಲು ಹೋಗುತ್ತಾರೆ. ಆಗ ಸರದಿಯ ಕೊನೆಯಲ್ಲಿ ಬಿಪಿ ಬೀಳುತ್ತದೆ, ಕಾಲು ಸೆಳೆಯುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತದೆ, ಧ್ವನಿ ಕುಗ್ಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ. ಜ್ವರ, ಆಪರೇಷನ್, ಊಟ ಸೇರದ ದಿನಗಳಲ್ಲಿ ಮೈ ಕರಗುತ್ತದೆ, ಆ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ತೂಕ ಅಷ್ಟೇ ಇರುತ್ತದೆ. ಆದರೆ ಪಾದ ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಬಿಪಿ ಏರಿಯೇ ಇರುತ್ತದೆ. ಈ ಸುಸ್ತು ನೀರು ಉಳಿದುಬಿಟ್ಟದ್ದರಿಂದ ಬಂದದ್ದು.

ಹಸಿವು ಹೆಚ್ಚಾದಾಗ, ಕಾಯಿಲೆ ಬಿದ್ದು ಎದ್ದಾಗ, ಬಟ್ಟೆ ಸಡಿಲವಾದಾಗ ‘ನನ್ನ ಡ್ರೈ ವೇಟ್ ಒಮ್ಮೆ ನೋಡಿ’ ಎಂದು ನೀವೇ ಕೇಳಿ. ಕೆಲವು ಸಲ ಅರ್ಧ ಕೆಜಿ ಬದಲಾಯಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಹೆಜ್ಜೆ 5: ಡಯಾಲಿಸಿಸ್ ದಿನವನ್ನು ಸರಿಯಾಗಿ ಹೊಂದಿಸಿಕೊಳ್ಳಿ

ಹೋಗುವ ಮೊದಲು: ಬಿಪಿ ಮಾತ್ರೆಯನ್ನು ಡಯಾಲಿಸಿಸ್‌ಗೆ ಮುಂಚೆ ತೆಗೆದುಕೊಳ್ಳಬೇಕೇ, ಆಮೇಲೆಯೇ ಎಂದು ಕೇಳಿ ತಿಳಿದುಕೊಳ್ಳಿ. ನಡುವೆ ಬಿಪಿ ಬೀಳುವವರಿಗೆ ಡಾಕ್ಟರು ಸಮಯ ಬದಲಿಸುವುದುಂಟು. ನೀವಾಗಿಯೇ ನಿಲ್ಲಿಸಬೇಡಿ. ಹೊಟ್ಟೆ ಬಿರಿಯ ಉಂಡು ಹೋಗಬೇಡಿ, ಮೆಷಿನ್ ನಡೆಯುವಾಗಲೂ ಜಾಸ್ತಿ ಉಣ್ಣಬೇಡಿ. ಉಂಡ ಮೇಲೆ ರಕ್ತ ಕರುಳಿನ ಕಡೆ ಹೋಗುತ್ತದೆ, ಬಿಪಿ ಬೀಳುವವರಿಗೆ ಇದು ಇನ್ನಷ್ಟು ಬೀಳಿಸುತ್ತದೆ. ಹಾಗೆಂದು ಖಾಲಿ ಹೊಟ್ಟೆಯೂ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಡಯಾಲಿಸಿಸ್ ದಿನದ ಡೋಸ್ ಎಷ್ಟೆಂದು ಮೊದಲೇ ಮಾತಾಡಿರಬೇಕು. ಕಿಡ್ನಿ ಕೆಲಸ ಮಾಡದಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಸಕ್ಕರೆ ತಟ್ಟನೆ ಇಳಿಯಬಹುದು. ಬೆವರು, ನಡುಕ, ಮಂಪರು ಬಂದರೆ ಅದನ್ನು ಸುಸ್ತು ಎಂದುಕೊಳ್ಳದೆ ಸಕ್ಕರೆ ಚೆಕ್ ಮಾಡಿಸಿ. ಇಳಿದಿದ್ದರೆ ಗ್ಲೂಕೋಸ್ ತೆಗೆದುಕೊಳ್ಳಿ. ಹಣ್ಣಿನ ರಸದಲ್ಲಿ ಪೊಟ್ಯಾಸಿಯಂ ಇರುವುದರಿಂದ ಗ್ಲೂಕೋಸೇ ಮೇಲು.

ಮೆಷಿನ್ ಮೇಲಿರುವಾಗ: ಬಿಪಿ ಬೀಳುವ ಮುಂಚೆ ದೇಹ ಸುಳಿವು ಕೊಡುತ್ತದೆ. ಮೇಲಿಂದ ಮೇಲೆ ಆಕಳಿಕೆ, ಹಣೆಯಲ್ಲಿ ತಣ್ಣನೆ ಬೆವರು, ಕಿವಿ ಕಟ್ಟಿದ ಹಾಗೆ, ಹೊಟ್ಟೆ ತೊಳಸುವುದು, ಮೀನಖಂಡದಲ್ಲಿ ಸಣ್ಣಗೆ ಬಿಗಿತ. ಆಗಲೇ ಟೆಕ್ನಿಶಿಯನ್‌ಗೆ ಹೇಳಿ. ಕಾಲು ಮೇಲೆತ್ತಿ, ನೀರು ಎಳೆಯುವುದನ್ನು ತಗ್ಗಿಸಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ‘ಅವರಿಗೆ ಯಾಕೆ ತೊಂದರೆ’ ಎಂದು ಸುಮ್ನೆ ಮಲಗಿರಬೇಡಿ. ಕಾಲು ಹಿಡಿದುಕೊಂಡರೆ ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮಡಚಿ ಎಳೆಯಿರಿ.

ಮೆಷಿನ್‌ನ ದ್ರಾವಣದ ಬಿಸಿಯ ಬಗ್ಗೆಯೂ ಕೇಳಬಹುದು. ಅದನ್ನು 37 ಡಿಗ್ರಿಯ ಬದಲು 36ರ ಆಸುಪಾಸಿನಲ್ಲಿ ಇಟ್ಟರೆ ರಕ್ತನಾಳ ಬಿಗಿಯಾಗಿ ಬಿಪಿ ಬೀಳುವುದು ಕಡಿಮೆಯಾಗುತ್ತದೆ. ಚಳಿ ಅನಿಸಬಹುದು, ಒಂದು ಹೊದಿಕೆ ಇಟ್ಟುಕೊಳ್ಳಿ. ಎಲ್ಲರಿಗೂ ಹಿಡಿಸುವುದಿಲ್ಲ. ಆದರೆ ಪದೇ ಪದೇ ಬಿಪಿ ಬೀಳುವವರು ಕೇಳಿನೋಡಬೇಕಾದ ಬದಲಾವಣೆ ಇದು.

ಹೊಸದಾಗಿ ಡಯಾಲಿಸಿಸ್ ಶುರುವಾದವರಿಗೆ ತಲೆನೋವು, ವಾಕರಿಕೆ ಜಾಸ್ತಿ. ರಕ್ತದಲ್ಲಿನ ಯೂರಿಯಾ ಬೇಗ ಇಳಿದು ಮೆದುಳಿನದ್ದು ನಿಧಾನವಾಗಿ ಇಳಿಯುವುದು ಇದಕ್ಕೆ ಒಂದು ಕಾರಣ. ಆದ್ದರಿಂದಲೇ ಮೊದಲ ಕೆಲವು ಸರದಿಗಳನ್ನು ಚಿಕ್ಕದಾಗಿ, ಮೆಲ್ಲಗೆ ಮಾಡುತ್ತಾರೆ.

ಮುಗಿದ ಮೇಲೆ: ಸೂಜಿ ತೆಗೆದ ತಕ್ಷಣ ಎದ್ದು ಹೊರಡಬೇಡಿ. ಐದು ನಿಮಿಷ ಕಾಲು ಇಳಿಬಿಟ್ಟು ಕೂತುಕೊಳ್ಳಿ. ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿಸಿ. ನಿಂತಾಗ 20ರಷ್ಟು ಇಳಿದರೆ ಅಥವಾ ತಲೆ ತಿರುಗಿದರೆ ಮತ್ತೆ ಕೂತು, ಅಲ್ಲಿನವರಿಗೆ ಹೇಳಿ. ಗಾಡಿ ನೀವೇ ಓಡಿಸಬೇಡಿ. ಮನೆಯಲ್ಲಿ ಬಾತ್‌ರೂಮಿಗೆ ಹೋಗುವಾಗ ಯಾರಾದರೂ ಹತ್ತಿರ ಇರಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಪರಿಣಾಮ ಕೆಲವು ಗಂಟೆ ಉಳಿದಿರುತ್ತದೆ, ಬಿದ್ದು ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಮನೆಗೆ ಬಂದು ಸ್ವಲ್ಪ ಏನಾದರೂ ತಿಂದು ಮಲಗಿ. ಒಂದು ಗಂಟೆ ಸಾಕು. ಸಂಜೆಯವರೆಗೆ ಮಲಗಿದರೆ ರಾತ್ರಿ ನಿದ್ದೆ ಬಾರದು, ಮರುದಿನದ ಸುಸ್ತು ಅಲ್ಲಿಂದ ಶುರು. ಮನೆಯವರಿಗೆ ಒಂದು ಮನವಿ: ಆ ದಿನ ಲೆಕ್ಕಪತ್ರ, ನೆಂಟರ ಭೇಟಿ, ಮನೆಯ ಜಗಳ ಯಾವುದೂ ಬೇಡ. ಮಾತಾಡದೆ ಮಲಗಿದ್ದಾರೆ ಎಂದರೆ ಕೋಪ ಬಂದಿದೆ ಎಂದು ತಿಳಿಯಬೇಡಿ. ಅವರಲ್ಲಿ ಆ ಹೊತ್ತಿಗೆ ಮಾತಿಗೂ ಶಕ್ತಿ ಇರುವುದಿಲ್ಲ.

ಹೆಜ್ಜೆ 6: ರಕ್ತದ ರಿಪೋರ್ಟ್ ತೆರೆದು ನೋಡಿ

ಮೊದಲು ಹೀಮೋಗ್ಲೋಬಿನ್. ಡಯಾಲಿಸಿಸ್ ರೋಗಿಗಳಿಗೆ ಸಾಮಾನ್ಯವಾಗಿ 10ರಿಂದ 11.5ರ ನಡುವೆ ಇಡಲು ನೋಡುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಮೆಟ್ಟಿಲು ಹತ್ತಿದರೂ ಏದುಸಿರು. ದೇಹದಲ್ಲಿ ರಕ್ತ ಹೆಚ್ಚಲು ಕೊಡುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ ತಪ್ಪದೆ ಸಿಗುತ್ತಿದೆಯೇ, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಮತ್ತು ಟಿಸ್ಯಾಟ್ ಟೆಸ್ಟ್ ಆಗಿದೆಯೇ ಕೇಳಿ. ಕಬ್ಬಿಣ ಇಲ್ಲದೆ ಆ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಇಂಜೆಕ್ಷನ್ ಹೆಚ್ಚಿಸಿ ಹೀಮೋಗ್ಲೋಬಿನ್ 13 ದಾಟಿಸುವುದೂ ಒಳ್ಳೆಯದಲ್ಲ, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಕಿಡ್ನಿ ಕಸಿಯ ಯೋಚನೆ ಇರುವವರು ರಕ್ತ ಹಾಕಿಸಿಕೊಳ್ಳುವ ಮುಂಚೆ ಡಾಕ್ಟರಿಗೆ ಅದನ್ನು ನೆನಪಿಸಿ. ಬೇರೆಯವರ ರಕ್ತ ಪಡೆದರೆ ಮುಂದೆ ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗಬಹುದು.

ಆಮೇಲೆ ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯೇ ಎನ್ನುವುದು. ಯುಆರ್‌ಆರ್ (ಒಂದು ಸರದಿಯಲ್ಲಿ ರಕ್ತದ ಯೂರಿಯಾ ಶೇಕಡಾ ಎಷ್ಟು ಇಳಿಯಿತು ಎನ್ನುವುದು) 65ಕ್ಕಿಂತ ಮೇಲೆ ಅಥವಾ ಕೆಟಿ/ವಿ (ರಕ್ತ ಎಷ್ಟು ಶುದ್ಧವಾಯಿತು ಎಂದು ತೋರಿಸುವ ಇನ್ನೊಂದು ಅಳತೆ) 1.2ಕ್ಕಿಂತ ಮೇಲೆ ಇರಬೇಕು. ಕಡಿಮೆ ಇದ್ದರೆ ಫಿಸ್ಟುಲಾದಲ್ಲಿ (ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳದಲ್ಲಿ) ರಕ್ತದ ಹರಿವು ಹೇಗಿದೆ, ಸಮಯ ಕಡಿತವಾಗುತ್ತಿದೆಯೇ ನೋಡಬೇಕು. ಬೈಕಾರ್ಬನೇಟ್, ಅಲ್ಬುಮಿನ್, ಥೈರಾಯ್ಡ್, ಬಿ12 ಇವನ್ನೂ ಒಮ್ಮೆ ವಿಚಾರಿಸಿ.

ಹೆಜ್ಜೆ 7: ಮಾತ್ರೆ, ನಿದ್ದೆ, ಮನಸ್ಸು

ನರನೋವಿಗೆ ಮತ್ತು ತುರಿಕೆಗೆ ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳು ಕಿಡ್ನಿಯ ಮೂಲಕವೇ ಹೊರಹೋಗಬೇಕು. ಡಯಾಲಿಸಿಸ್ ರೋಗಿಯಲ್ಲಿ ಇವು ಉಳಿದುಕೊಂಡು ಇಡೀ ದಿನ ಮಂಪರು ತರಬಹುದು. ತುರಿಕೆಯ ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆ, ಕೆಲವು ನೋವಿನ ಮಾತ್ರೆಗಳೂ ಹಾಗೇ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ. ಬೇರೆ ಬೇರೆ ಡಾಕ್ಟರು ಬರೆದದ್ದು ಒಟ್ಟಿಗೆ ಕಾಣುವುದು ಆಗಲೇ.

ರಾತ್ರಿ ಗೊರಕೆ, ನಡುನಡುವೆ ಉಸಿರು ನಿಲ್ಲುವುದು, ಬೆಳಿಗ್ಗೆ ತಲೆನೋವು ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದ ಕೂಡಲೇ ಕಾಲಲ್ಲಿ ಏನೋ ಹರಿದಾಡಿದ ಹಾಗಾಗಿ ಅಲ್ಲಾಡಿಸುತ್ತಲೇ ಇರಬೇಕು ಅನಿಸುವುದೂ ಒಂದು ಕಾಯಿಲೆಯೇ, ಕಬ್ಬಿಣದ ಕೊರತೆಗೂ ಅದಕ್ಕೂ ನಂಟಿದೆ. ಡಯಾಲಿಸಿಸ್ ರೋಗಿಗಳಲ್ಲಿ ಇವೆರಡೂ ಸಾಮಾನ್ಯ, ಎರಡಕ್ಕೂ ಚಿಕಿತ್ಸೆ ಇದೆ.

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ‘ಇದೆಲ್ಲ ಯಾಕೆ’ ಅನಿಸುತ್ತಿದೆ ಎಂದಾದರೆ ಅದು ಖಿನ್ನತೆ ಇರಬಹುದು. ಖಿನ್ನತೆಯೂ ಸುಸ್ತಿನ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿಕೆ ಬೇಡ, ಬಿಪಿಯ ಹಾಗೆಯೇ ಇದಕ್ಕೂ ಔಷಧಿ, ಸಲಹೆ ಎರಡೂ ಇವೆ. ಬದುಕೇ ಬೇಡ ಅನಿಸಿದರೆ ಮುಂದಿನ ಸರದಿಯವರೆಗೆ ಕಾಯಬೇಡಿ, ಅವತ್ತೇ ಹತ್ತಿರದವರಿಗೂ ಡಾಕ್ಟರಿಗೂ ಹೇಳಿ.

ಹೆಜ್ಜೆ 8: ಸ್ನಾಯು ಕರಗಲು ಬಿಡಬೇಡಿ

ಪ್ರತಿ ಡಯಾಲಿಸಿಸ್‌ನಲ್ಲೂ ಪ್ರೊಟೀನಿನ ಮೂಲವಾದ ಅಮೈನೋ ಆಮ್ಲಗಳು ಕೆಲವು ಗ್ರಾಂ ಹೊರಹೋಗುತ್ತವೆ. ಆದ್ದರಿಂದ ಡಯಾಲಿಸಿಸ್‌ಗೆ ಮುಂಚೆ ಹೇಳಿದ್ದ ಪ್ರೊಟೀನ್ ಪಥ್ಯ ಈಗ ನಡೆಯದು. ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. 60 ಕೆಜಿಯವರಿಗೆ 60ರಿಂದ 72 ಗ್ರಾಂ. ಹಳೆಯ ಪಥ್ಯವನ್ನೇ ಹಿಡಿದುಕೊಂಡು ಸೊರಗುವವರು ಇದ್ದಾರೆ, ನೋಡಿದರೆ ಸಂಕಟವಾಗುತ್ತದೆ. ಪೊಟ್ಯಾಸಿಯಂ, ಫಾಸ್ಫರಸ್ ಏರದಂತೆ ಪ್ರೊಟೀನ್ ಎಲ್ಲಿಂದ ಪಡೆಯಬೇಕೆಂದು ಡಯಟಿಷಿಯನ್ ಹತ್ತಿರ ಕೂತು ಗೊತ್ತುಮಾಡಿಕೊಳ್ಳಿ.

ಸುಸ್ತೆಂದು ಮಲಗಿದಷ್ಟೂ ಸ್ನಾಯು ಕರಗುತ್ತದೆ. ಡಯಾಲಿಸಿಸ್ ಇಲ್ಲದ ದಿನ 10 ನಿಮಿಷ ನಡೆಯಿರಿ, ವಾರಕ್ಕೆ ಒಂದೆರಡು ನಿಮಿಷ ಏರಿಸಿ. ಅದೂ ಆಗದಿದ್ದರೆ ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಿ. ಕೆಲವು ಯೂನಿಟ್‌ಗಳಲ್ಲಿ ಮಲಗಿಕೊಂಡೇ ತುಳಿಯುವ ಸೈಕಲ್ ಇರುತ್ತದೆ. ಅದನ್ನು ಮೊದಲ ಎರಡು ಗಂಟೆಯೊಳಗೆ ಮಾಡಬೇಕು, ಆಮೇಲೆ ಬಿಪಿ ಬೀಳುವ ಸಾಧ್ಯತೆ ಹೆಚ್ಚು.

ಇವು ಬರೀ ಸುಸ್ತಲ್ಲ, ಕೂಡಲೇ ಆಸ್ಪತ್ರೆಗೆ

ಎದೆನೋವು. ಕೂತಲ್ಲೇ ಏದುಸಿರು. ಪ್ರಜ್ಞೆ ತಪ್ಪುವುದು. ಗೊಂದಲ, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು. ಚಳಿ ಜ್ವರ, ಅದರಲ್ಲೂ ಕ್ಯಾತಿಟರ್ (ಡಯಾಲಿಸಿಸ್ ಮಾಡಲು ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವವರಿಗೆ. ಒತ್ತಿ ಹಿಡಿದರೂ ನಿಲ್ಲದ ರಕ್ತ. ಕಪ್ಪು ಮಲ. ಫಿಸ್ಟುಲಾ ಮುಟ್ಟಿದರೆ ಜುಮ್ ಅನ್ನುವುದು ನಿಂತುಹೋಗಿರುವುದು. ಸರದಿ ತಪ್ಪಿಸಿಕೊಂಡಿದ್ದಾಗ ಅಥವಾ ಎರಡು ದಿನದ ಗ್ಯಾಪ್‌ನ ಕೊನೆಗೆ ಕಾಲು ಎತ್ತಿಡಲು ಆಗದಷ್ಟು ಬಲಹೀನತೆ ಬಂದರೆ ಪೊಟ್ಯಾಸಿಯಂ ಏರಿರಬಹುದು, ಒಂದು ಗಂಟೆಯೂ ತಡ ಮಾಡಬೇಡಿ.

ಡಾಕ್ಟರ ಹತ್ತಿರ ಹೋದಾಗ

ರೌಂಡ್ಸ್‌ನಲ್ಲಿ ಸಿಗುವುದು ಎರಡು ಮೂರು ನಿಮಿಷ. ನೋಟ್‌ಬುಕ್ ಕೊನೆಯ ಪುಟದಲ್ಲಿ ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ: ‘ಚೇತರಿಕೆಗೆ ಇಷ್ಟು ಗಂಟೆ ಬೇಕಾಗುತ್ತಿದೆ. ಗಂಟೆಗೆ, ಕೆಜಿಗೆ ಇಷ್ಟು ಮಿಲಿ ನೀರು ತೆಗೆಯುತ್ತಿದ್ದಾರೆ. ಕಳೆದ ತಿಂಗಳು ಇಷ್ಟು ಸಲ ಬಿಪಿ ಬಿತ್ತು. ಡ್ರೈ ವೇಟ್ ಬದಲಾಯಿಸಬೇಕೇ, ಸಮಯ ಹೆಚ್ಚಿಸಬೇಕೇ, ಹೀಮೋಗ್ಲೋಬಿನ್‌ಗೆ ಏನು ಮಾಡೋಣ?’ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲು ಕೇಳಿ, ಎರಡು ವಾರ ಸಾಲು ಸಾಲಾಗಿ ಬರೆಯಿರಿ. ಚೇತರಿಕೆಯ ಗಂಟೆ ಇಳಿಯಿತೇ ನೋಡಿ. ಇಳಿಯದಿದ್ದರೆ ಅದೇ ಪುಟ ತೆರೆದು ಮುಂದಿನ ಕಾರಣಕ್ಕೆ ಹೋಗಿ.